ಜಗಳೂರು ಕಡೆ ದಾಳಿಂಬೆ: ಮ್ಯಾಪ್ ನಂಬಿ ಹಾಕಿದವರು ಯಾರಾದ್ರೂ ಇದ್ದೀರಾ?

ಜಗಳೂರು ಮಸಾರಿ: ನಮ್ಮದು 4 ಎಕರೆ ಕೆಂಪು ಮಸಾರಿ. ಒಂದು ಬೋರು, ಎರಡು ಇಂಚು ನೀರು. ಮೆಕ್ಕೆಜೋಳ ಸಾಕಾಗಿದೆ, ದಾಳಿಂಬೆ ಹಾಕೋ ಆಸೆ. ಸರ್ಕಾರದ ಸುಜಲಾ ಜಲಾನಯನ ಯೋಜನೆಯವರು ಮಣ್ಣು ನೋಡಿ ಕೊಟ್ಟ ಕಾರ್ಡಿನಲ್ಲಿ ದಾಳಿಂಬೆ ಎದುರು ಎಸ್3 ಆರ್‌ಜಿ ಅಂತ ಬರೆದಿದೆ. ಒಬ್ಬ ಖಾಸಗಿ ಸಲಹೆಗಾರರು ಮಾತ್ರ ಸ್ಯಾಟಲೈಟ್ ಮ್ಯಾಪ್ ತೋರಿಸಿ, ಇಡೀ ಹೊಲ ಹಸಿರು, ಎಸ್1, ಅಂದರೆ ತುಂಬಾ ಸೂಕ್ತ ಅಂತಾರೆ. ಪೂರ್ತಿ ರಿಪೋರ್ಟಿಗೆ 18,000 ಕೇಳುತ್ತಿದ್ದಾರೆ. ಯಾವುದನ್ನು ನಂಬಲಿ?

ಹೊಸದುರ್ಗ ದಾಳಿಂಬೆ: ನನ್ನ ಕಥೆ ಕೇಳಿ. 2019ರಲ್ಲಿ ಇಂಥದೇ ಹಸಿರು ಮ್ಯಾಪ್ ನಂಬಿ 3 ಎಕರೆಗೆ ಹಾಕಿದೆ. ರಿಪೋರ್ಟಿಗೆ 12,000. ಸಸಿ 870, ಒಂದಕ್ಕೆ 38ರಂತೆ 33,060. ಗುಂಡಿಗೆ ಜೆಸಿಬಿ 46 ಗಂಟೆ, 900ರಂತೆ 41,400. ಹನಿ ನೀರಾವರಿ 1,35,000. ಕೊಟ್ಟಿಗೆ ಗೊಬ್ಬರ 24 ಲೋಡು, 1,08,000. ಅಲ್ಲಿಗೇ 3,29,460. ಔಷಧಿ, ಕೂಲಿ ಬರೆದಿಲ್ಲ, ಬರೆಯಲು ಕೈ ಬರುವುದಿಲ್ಲ. ಒಂದು ವರ್ಷ ಗಿಡ ಚೆನ್ನಾಗಿತ್ತು. ಎರಡನೇ ವರ್ಷ ಎಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಕೊರತೆ ಅಂದರು, ಸಿಂಪಡಿಸಿದೆ, ಹದಿನೈದು ದಿನಕ್ಕೆ ಮತ್ತೆ ಹಳದಿ. ಕೊನೆಗೆ ಒಂದು ಗಿಡ ಕಿತ್ತು ನೋಡಿದರೆ ಒಂದೂವರೆ ಅಡಿಗೆ ಸುಣ್ಣಕಲ್ಲಿನ ಪದರ, ಬೇರು ಅದರ ಮೇಲೆ ಚಾಪೆ ಹಾಸಿದ ಹಾಗೆ ಮಲಗಿತ್ತು. ಆಕಾಶದಿಂದ ತೆಗೆದ ಫೋಟೋಗೆ ಒಂದೂವರೆ ಅಡಿ ಕೆಳಗಿನ ಕಲ್ಲು ಕಾಣುತ್ತಾ? ಅದಾದ ಮೇಲೆ ಅಂಗಮಾರಿ ರೋಗ ಬೇರೆ ಬಂತು. ಮೂರನೇ ವರ್ಷ ಎಲ್ಲಾ ಕಿತ್ತು ಹಾಕಿದೆ.

ಚನ್ನಗಿರಿ ತೋಟದವನು: 870 ಗುಂಡಿ ತೆಗೆಸಿದ್ದೀರಿ, ಒಂದರಲ್ಲೂ ಸುಣ್ಣಕಲ್ಲು ಕಾಣಲಿಲ್ವಾ? ಮ್ಯಾಪ್ ಬೈದು ಏನು ಪ್ರಯೋಜನ.

ನನ್ನದು ಎರೆ ಭೂಮಿ, ಎರಡೂವರೆ ಎಕರೆ. ನೀರು ಬಸಿಯುವುದಿಲ್ಲ, ಅಡಿಕೆಗೆ ಆಗಲ್ಲ ಅಂತ ಮ್ಯಾಪ್ ಮಾಡುವ ಒಬ್ಬ ಹುಡುಗ ಬಂದು ಕೆಂಪು ಬಣ್ಣ ಬಳಿದು ಹೋದ. ನಾನು ಬಿಡಲಿಲ್ಲ. 240 ಟ್ರ್ಯಾಕ್ಟರ್ ಕೆಮ್ಮಣ್ಣು ಹೊಡೆಸಿದೆ. ಎರಡು ಸಾಲಿಗೊಂದು ಬಸಿಗಾಲುವೆ, ಮೂರಡಿ ಆಳ. ಪ್ರತಿ ಬೇಸಿಗೆ ಆ ಕಾಲುವೆ ಹೂಳು ನಾನೇ ನಿಂತು ತೆಗೆಸುತ್ತೇನೆ. ಇವತ್ತಿಗೆ ಹನ್ನೊಂದು ವರ್ಷದ ತೋಟ, ಬಂದು ನೋಡಿ. ಮನುಷ್ಯ ಬೆವರು ಸುರಿಸುವುದು ಯಾವ ಮ್ಯಾಪಿನಲ್ಲೂ ಇಲ್ಲ.

ನಕ್ಷೆ ಕೆಲಸ, ದಾವಣಗೆರೆ: ಆ "ಹುಡುಗ" ನಾನಲ್ಲ, ಆದರೂ ಹೇಳುತ್ತೇನೆ. ಆತ ಹೇಳಿದ್ದು ಸರಿಯೇ ಇತ್ತು. ನೀರು ಬಸಿಯುತ್ತಿರಲಿಲ್ಲ ಅಂತ ತಾನೇ ನೀವು ಕಾಲುವೆ ತೆಗೆಸಿದ್ದು? ಎಫ್‌ಎಒ (ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆ) 1976ರಲ್ಲಿ ನೆಲದ ಸೂಕ್ತತೆ ಅಳೆಯಲು ಮಾಡಿದ ಚೌಕಟ್ಟಿನಲ್ಲೇ ನೆಲ ಈಗ ಹೇಗಿದೆ ಅನ್ನೋದು ಬೇರೆ, ಸುಧಾರಣೆ ಮಾಡಿದ ಮೇಲೆ ಹೇಗಾಗಬಹುದು ಅನ್ನೋದು ಬೇರೆ. 240 ಲೋಡ್ ಮಣ್ಣಿನ ದುಡ್ಡು ಎಲ್ಲರ ಹತ್ತಿರ ಇರುತ್ತಾ?

ನಾನು ಆರು ವರ್ಷದಿಂದ ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಸೆಂಟಿನೆಲ್-2 ಉಪಗ್ರಹ ಚಿತ್ರದ ಒಂದು ಚೌಕ 10 ಮೀಟರ್, ಹೆಚ್ಚು ಕಡಿಮೆ ಒಂದು ಗುಂಟೆ. ಎತ್ತರ, ಇಳಿಜಾರಿಗೆ ಬಳಸುವ 30 ಮೀಟರಿನ ಚೌಕ 9 ಗುಂಟೆ. ಉಚಿತವಾಗಿ ಸಿಗುವ ಸಾಯಿಲ್‌ಗ್ರಿಡ್ಸ್ ಮಣ್ಣಿನ ಮಾಹಿತಿಯ ಚೌಕ 250 ಮೀಟರ್, ಅಂದರೆ 15 ಎಕರೆಗೂ ಜಾಸ್ತಿ. 4 ಎಕರೆ ಹೊಲಕ್ಕೆ ಅದನ್ನು ಹಾಕಿದರೆ ಇಡೀ ಹೊಲಕ್ಕೆ ಒಂದೇ ಬಣ್ಣ ಬರದೆ ಇನ್ನೇನು ಬರುತ್ತೆ! ಸುಜಲಾ ನಕ್ಷೆ 1:7920ರದ್ದು (ನಕ್ಷೆಯ 1 ಸೆಂ.ಮೀ. ಅಂದರೆ ನೆಲದ ಮೇಲೆ ಸುಮಾರು 79 ಮೀಟರ್), ಗುಂಡಿ ತೆಗೆದು ಮಣ್ಣು ನೋಡಿ, ಸರ್ವೇ ನಂಬರಿನ ಗಡಿ ಮೇಲೆ ಕೂರಿಸಿ ಮಾಡಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಇಂಥ ಹಸಿರು ಮ್ಯಾಪ್ ಮಾರುವವರಿಂದ ನಮ್ಮ ಹೊಟ್ಟೆ ಮೇಲೂ ಹೊಡೆತ.

ಚಳ್ಳಕೆರೆ ಶೇಂಗಾ: ನಮ್ಮ ಹೊಲ ಶೇಂಗಾಕ್ಕೆ ಎಸ್1. ಸಂತೋಷ. ಮೂರು ಎಕರೆಗೆ ಮೂರು ಕ್ವಿಂಟಾಲ್ ಬೀಜ, ಉಳುಮೆ, ಡಿಎಪಿ ಎಲ್ಲಾ ಸೇರಿ 52,000 ಹಾಕಿದೆ. ಹೂವು ಕಚ್ಚುವ ಹೊತ್ತಿಗೆ 34 ದಿನ ಮಳೆ ಇಲ್ಲ. ಸಿಕ್ಕಿದ್ದು ಐದು ಚೀಲ. ಒಳ್ಳೆ ಮಣ್ಣು ಇಟ್ಕೊಂಡು ಏನು ಮಾಡಲಿ? ತೋಟದವರೇ, ಭದ್ರಾ ನೀರು ಕುಡಿದು ಬೆವರಿನ ಮಾತಾಡುವುದು ಸುಲಭ. ನಾವು ಭದ್ರಾ ಮೇಲ್ದಂಡೆ ನೀರು ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯುತ್ತಲೇ ಇದ್ದೇವೆ.

ಚನ್ನಗಿರಿ ತೋಟದವನು: ನನ್ನ ತೋಟಕ್ಕೆ ಕಾಲುವೆ ನೀರಿಲ್ಲ. ಏಳು ಬೋರು ಕೊರೆಸಿದ್ದೇನೆ, ಐದು ಫೇಲು. ಗೊತ್ತಿಲ್ಲದೆ ಮಾತಾಡಬೇಡಿ.

ಹರಿಹರ ಕೊನೆಭಾಗ: ನಿಮಗಿಲ್ಲ ಅಂದ್ರೆ ನಿಮ್ಮ ಅಕ್ಕಪಕ್ಕದವರಿಗೆ ಇದೆ. ಕಾಲುವೆಗೆ ಪಂಪ್‌ಸೆಟ್ ಇಟ್ಟು ತೋಟಕ್ಕೆ ಎಳೆದರೆ ಕೊನೆಯಲ್ಲಿರುವ ನಮ್ಮ ಭತ್ತಕ್ಕೆ ಏನು ಬರಬೇಕು? ಭತ್ತಕ್ಕೆ ಹೇಳಿ ಮಾಡಿಸಿದ ನೆಲ ನಮ್ಮದು. ಹೋದ ಬೇಸಿಗೆ ಬೆಳೆ ಕಾಳು ಕಟ್ಟುವಾಗ ಬಾಡಿಗೆ ಡೀಸೆಲ್ ಪಂಪಿಗೆ ದಿನಕ್ಕೆ 1,400 ಕೊಟ್ಟು ಹಳ್ಳದ ನೀರು ಎತ್ತಿದೆ, ಹನ್ನೊಂದು ದಿನ. ನಕ್ಷೆಯವರೇ, ಮೊದಲು ಆ ಪಂಪುಗಳ ಮ್ಯಾಪ್ ಮಾಡಿ.

ಚನ್ನಗಿರಿ ತೋಟದವನು: ನೀರಿಲ್ಲದ ವರ್ಷವೂ ಭತ್ತವೇ ಬೇಕು ಅಂತ ಹಟ ಹಿಡಿದವರು ಯಾರು?

ಜಗಳೂರು ಮಸಾರಿ: ಅಣ್ಣಾ, ನಾನು ಕೇಳಿದ್ದು ದಾಳಿಂಬೆ. ದಯವಿಟ್ಟು ಯಾರಾದ್ರೂ ಎಸ್3 ಆರ್‌ಜಿ ಬಗ್ಗೆ ಹೇಳಿ.

ನಕ್ಷೆ ಕೆಲಸ, ದಾವಣಗೆರೆ: ಎಸ್3 ಅಂದರೆ ಅಲ್ಪ ಸೂಕ್ತ. ಆರ್ ಅಂದರೆ ಬೇರಿಗೆ ಆಳ ಸಾಲದು, ಜಿ ಅಂದರೆ ಗರಸು ಜಾಸ್ತಿ. 18,000 ಕೊಡಬೇಡಿ. ಸರ್ವೇ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ನಿಮ್ಮ ಸರ್ವೇ ನಂಬರಿನೊಳಗೆ ಮೂರು ಕಡೆ ಗುರುತು ಹಾಕಿ, ಮೇಲೆ, ನಡುವೆ, ತಗ್ಗಿನಲ್ಲಿ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತೆ, ಅದಕ್ಕೆ ಬದುವಿನಿಂದ ದೂರ ಇರಲಿ. ನಾಲ್ಕೈದು ಅಡಿ ಗುಂಡಿ ತೆಗೆಸಿ.

ಹೊಸದುರ್ಗ ದಾಳಿಂಬೆ: ಮೇಲೆ ತೋಟದವರು ಕೇಳಿದ್ದಕ್ಕೆ ಉತ್ತರ ಕೊಟ್ಟಿರಲಿಲ್ಲ. ಗುಂಡಿ ತೆಗೆಯುವಾಗ ನಾನು ಊರಲ್ಲಿ ಇರಲಿಲ್ಲ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಒಂದೂವರೆ ಅಡಿಗೆ ಕಲ್ಲು ಸಿಕ್ಕಿದ್ದಕ್ಕೆ ಅಲ್ಲಿಗೇ ನಿಲ್ಲಿಸಿದ್ದರಂತೆ. ಅಪ್ಪ ಫೋನ್ ಮಾಡಿ "ಬಿಳಿ ಕಲ್ಲು ಬರ್ತಾ ಇದೆ ಕಣೋ" ಅಂದಿದ್ದರು. ಮ್ಯಾಪಿನಲ್ಲಿ ಹಸಿರಿದೆ ಬಿಡಿ ಅಂದೆ. ಜಗಳೂರಿನವರೇ, ಜೆಸಿಬಿ ಬರುವ ದಿನ ನೀವು ಹೊಲದಲ್ಲೇ ಇರಿ.