ಬೋರ್ಡಿನ ಕಡೆ ತಿರುಗಿದರೆ ಸಾಕು, ಸಂತೆ ಶುರು: ಹೊಡೆಯದೆ ತರಗತಿ ನಡೆಸುವುದು ಹೇಗೆ?

ಪ್ರಶ್ನೆ (ಗಣಿತ ಶಿಕ್ಷಕಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ):

ನಮಸ್ಕಾರ ಸರ್. ನಾನು ಜಿಪಿಟಿ (ಪದವೀಧರ ಪ್ರಾಥಮಿಕ ಶಿಕ್ಷಕಿ), ಈ ಜೂನ್‌ನಲ್ಲಿ ಕೆಲಸಕ್ಕೆ ಸೇರಿದ್ದೇನೆ. ಏಳನೇ ತರಗತಿಗೆ ಗಣಿತ. 42 ಮಕ್ಕಳು, ಒಂದೇ ಸೆಕ್ಷನ್. ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ಸಂತೆ ಶುರು. ಕೂಗಿ ಕೂಗಿ ಸಂಜೆ ಹೊತ್ತಿಗೆ ಗಂಟಲು ಬಿದ್ದುಹೋಗಿರುತ್ತದೆ. ಪಕ್ಕದ ತರಗತಿಯ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರೆ ಮಾತ್ರ ಎಲ್ಲರೂ ಗಪ್‌ಚುಪ್. ಅವರ ಕೈಯಲ್ಲಿ ಕೋಲು ಇರುತ್ತದೆ. ನನಗೆ ಹೊಡೆಯಲು ಇಷ್ಟವಿಲ್ಲ. ಮಾತಾಡಿದವರ ಹೆಸರನ್ನು ಮಾನಿಟರ್ ಕೈಲಿ ಬರೆಸಿ ನೋಡಿದೆ, ಜಗಳ ಇನ್ನೂ ಜಾಸ್ತಿ ಆಯಿತು. ಕೊನೇ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದಾನೆ, ದಿನಾ ತಡವಾಗಿ ಬರುತ್ತಾನೆ, ಬಂದ ಮೇಲೆ ಅಕ್ಕಪಕ್ಕದವರನ್ನು ಕೆಣಕುತ್ತಾನೆ. "ಈ ಮೇಡಂ ಏನೂ ಮಾಡಲ್ಲ ಬಿಡೋ" ಅಂತ ಅವನು ಹೇಳಿದ್ದು ನನ್ನ ಕಿವಿಗೇ ಬಿತ್ತು. ಎಲ್ಲಿಂದ ಸರಿಮಾಡಲಿ?

ಉತ್ತರ (ನಿವೃತ್ತ ಮುಖ್ಯ ಶಿಕ್ಷಕರು, ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿ):

ಮೇಡಂ, ಮೊದಲು ಒಂದು ಮಾತು. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಆರರಿಂದ ಎಂಟನೇ ತರಗತಿವರೆಗೆ 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರು ಇರಬೇಕು. ನಿಮ್ಮ ಮುಂದೆ 42 ಮಕ್ಕಳಿದ್ದಾರೆ. ಹಾಗಾಗಿ ಎಲ್ಲ ತಪ್ಪೂ ನನ್ನದೇ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಗಲಾಟೆ ಎಲ್ಲಿ ಹುಟ್ಟುತ್ತದೆ ಅಂತ ನೀವೇ ಹೇಳಿಬಿಟ್ಟಿದ್ದೀರಿ. ನೀವು ಬೋರ್ಡಿನ ಕಡೆ ತಿರುಗಿ ಐದಾರು ಸಾಲು ಲೆಕ್ಕ ಬರೆಯುವಷ್ಟು ಹೊತ್ತು ಆ ಮಕ್ಕಳಿಗೆ ಏನು ಕೆಲಸ? ಸುಮ್ನೆ ನಿಮ್ಮ ಬೆನ್ನು ನೋಡುತ್ತಾ ಕೂರಬೇಕು. ಹನ್ನೆರಡು ವರ್ಷದ ಮಕ್ಕಳ ಕೈಲಿ ಅದು ಆಗುವ ಮಾತಲ್ಲ. ನಮ್ಮ ಕೈಲೂ ಆಗಲ್ಲ, ತರಬೇತಿಗೆ ಬಂದ ಮೇಷ್ಟ್ರುಗಳು ಹಿಂದಿನ ಸಾಲಿನಲ್ಲಿ ಏನು ಮಾಡುತ್ತಾರೆ ಅಂತ ನಾನು ನೋಡಿದ್ದೇನೆ!

ಅಮೆರಿಕದ ಜೇಕಬ್ ಕೌನಿನ್ ಎಂಬ ಮನಶ್ಶಾಸ್ತ್ರಜ್ಞ ತರಗತಿಗಳಲ್ಲಿ ನಡೆದದ್ದನ್ನು ವಿಡಿಯೋ ಮಾಡಿಸಿ ಕೂತು ನೋಡಿದ. 1970ರಲ್ಲಿ ಅದನ್ನು ಪ್ರಕಟಿಸಿದ. ಗಲಾಟೆ ಆದ ಮೇಲೆ ಯಾರು ಹೇಗೆ ಗದರಿಸುತ್ತಾರೆ ಅನ್ನುವುದರಿಂದ ದೊಡ್ಡ ವ್ಯತ್ಯಾಸವೇನೂ ಅವನಿಗೆ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಅದಕ್ಕೂ ಮೊದಲು. ಒಳ್ಳೆ ತರಗತಿಯ ಶಿಕ್ಷಕರು ಒಬ್ಬನ ಜೊತೆ ಮಾತಾಡುವಾಗಲೂ ಇಡೀ ಕೋಣೆಯ ಮೇಲೆ ಕಣ್ಣಿಟ್ಟಿರುತ್ತಾರೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಮಧ್ಯೆ ಖಾಲಿ ಹೊತ್ತು ಬಿಡುವುದಿಲ್ಲ.

ನಿಮ್ಮ ತರಗತಿಯಲ್ಲಿ ಅದನ್ನು ಹೀಗೆ ಮಾಡಬಹುದು. ಹಿಂದಿನ ಪೀರಿಯಡ್ ಮುಗಿಯುವಾಗಲೇ ಒಂದು ಮಗುವಿನ ಕೈಗೆ ಚೀಟಿ ಕೊಟ್ಟು ಬೋರ್ಡಿನ ಮೂಲೆಯಲ್ಲಿ ಎರಡು ಲೆಕ್ಕ ಬರೆಸಿಬಿಡಿ. ನೀವು ಒಳಗೆ ಬರುವಾಗ "ಕೂತ್ಕೊಳ್ಳಿ, ಬುಕ್ ತೆಗೀರಿ" ಅನ್ನುವ ಗದ್ದಲವೇ ಬೇಡ, ಅವರು ಆಗಲೇ ಬರೆಯುತ್ತಿರಬೇಕು. ಇದು ದಿನಾ ನಡೆಯಬೇಕು, ಇವತ್ತು ಇದೆ ನಾಳೆ ಇಲ್ಲ ಅಂದರೆ ಅಭ್ಯಾಸ ಕೂರುವುದಿಲ್ಲ. ಆ ಎರಡರಲ್ಲಿ ಒಂದು ಲೆಕ್ಕ ಬೇಕಂತಲೇ ತಪ್ಪಾಗಿರಲಿ. ಪೂರ್ಣಾಂಕ ನಡೆಯುತ್ತಿದ್ದರೆ −3 − (−5) = −8 ಅಂತ ಬರೆಸಿ, ತಪ್ಪು ಎಲ್ಲಿದೆ ಹುಡುಕಿ ಅನ್ನಿ. ಮೇಡಂ ಲೆಕ್ಕದಲ್ಲಿ ತಪ್ಪು ಹಿಡಿಯುವುದು ಅಂದರೆ ಮಕ್ಕಳಿಗೆ ಹಬ್ಬ. ಉತ್ತರ 2 ಹೇಗೆ ಬಂತು ಅಂತ ಹೇಳಲು ಬಂದವನ ಕೈಗೇ ಸೀಮೆಸುಣ್ಣ ಕೊಡಿ, ನೀವು ಕೊನೇ ಬೆಂಚಿನ ಹತ್ತಿರ ಹೋಗಿ ನಿಲ್ಲಿ. ಬೋರ್ಡ್ ಮುಂದೆ, ನೀವು ಹಿಂದೆ. ಅರ್ಧ ಗಲಾಟೆ ಅಲ್ಲೇ ಇಳಿಯುತ್ತದೆ. ನೀವೇ ಬರೆಯಲೇಬೇಕಾದಾಗ ಓರೆಯಾಗಿ ನಿಂತು ಬರೆಯಿರಿ, ಒಂದೊಂದು ಸಾಲಿಗೂ "ಮುಂದಿನ ಹೆಜ್ಜೆ ಏನು, ಪಕ್ಕದವರಿಗೆ ಹೇಳಿ" ಅನ್ನಿ. ಅವರು ಹೇಗೂ ಮಾತಾಡುತ್ತಾರೆ, ಲೆಕ್ಕದ ಬಗ್ಗೆಯೇ ಮಾತಾಡಲಿ ಬಿಡಿ.

ಇನ್ನೊಂದು ಜಾಗ ನೋಟ್‌ಬುಕ್ ತಿದ್ದುವುದು. ನೀವು ಮೇಜಿನ ಹತ್ತಿರ ಕೂತು "ಆದವರು ತನ್ನಿ" ಅನ್ನುತ್ತೀರಿ ಅಲ್ವಾ? ಹದಿನೈದು ಮಕ್ಕಳು ಮೇಜಿನ ಸುತ್ತ ಮುತ್ತಿಕೊಳ್ಳುತ್ತಾರೆ, ಒಬ್ಬರ ಮೇಲೊಬ್ಬರು ಬುಕ್ ಚಾಚುತ್ತಾರೆ, ಅವರ ಮಧ್ಯೆ ನಿಮಗೆ ತರಗತಿಯೇ ಕಾಣುವುದಿಲ್ಲ. ಕೆಂಪು ಪೆನ್ನು ಹಿಡಿದು ನೀವೇ ಬೆಂಚುಗಳ ಮಧ್ಯೆ ಓಡಾಡಿ. ದಿನಕ್ಕೆ ಎಂಟು ಹತ್ತು ಬುಕ್ ಸಾಕು, ವಾರದಲ್ಲಿ ಎಲ್ಲರದೂ ಒಂದು ಸುತ್ತು ಬರುತ್ತದೆ. ಬರೀ ಟಿಕ್ ಹಾಕುವ ಬದಲು ಒಂದು ಮಾತು ಬರೆಯಿರಿ, "ಚಿಹ್ನೆ ನೋಡು" ಅಂತಲೋ "ಇದು ಚೆನ್ನಾಗಿದೆ" ಅಂತಲೋ. ಅದನ್ನು ಮನೆಯಲ್ಲಿ ತೋರಿಸುವ ಮಕ್ಕಳಿದ್ದಾರೆ.

ಮಾನಿಟರ್ ಕೈಲಿ ಹೆಸರು ಬರೆಸುವುದನ್ನು ಇವತ್ತೇ ನಿಲ್ಲಿಸಿ. ಅವನು ತನ್ನ ಗೆಳೆಯರ ಹೆಸರು ಬರೆಯುವುದಿಲ್ಲ, ಆಗದವರ ಹೆಸರಿನ ಮುಂದೆ ಎರಡು ಸ್ಟಾರ್ ಹಾಕುತ್ತಾನೆ. ಆಮೇಲೆ ಶಾಲೆ ಬಿಟ್ಟ ಮೇಲೆ ದಾರಿಯಲ್ಲಿ ಅವನಿಗೇ ಏಟು ಬೀಳುತ್ತದೆ. ಒಂದು ಮಗುವನ್ನು ಪೊಲೀಸ್ ಮಾಡಿ ಕೂರಿಸುವ ಕೆಲಸ ನಮಗೆ ಯಾಕೆ? ಮಾನಿಟರ್ ಬುಕ್ ಹಂಚಲಿ, ಬೋರ್ಡ್ ಒರೆಸಲಿ, ಅಷ್ಟು ಸಾಕು. ಅದೂ ವಾರ ವಾರ ಬದಲಾಗಲಿ.

ಆ ತಡವಾಗಿ ಬರುವ ಹುಡುಗ ಯಾಕೆ ತಡ ಅಂತ ಕೇಳಿದ್ದೀರಾ? ಎಲ್ಲರ ಮುಂದೆ ಅಲ್ಲ. ಬಿಸಿಯೂಟದ ಹೊತ್ತಲ್ಲಿ ತಟ್ಟೆ ತೊಳೆಯುವ ನಲ್ಲಿ ಹತ್ತಿರ ಸಿಗುತ್ತಾನಲ್ಲ, ಆಗ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರಬೇಕಾಗಿರಬಹುದು, ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬರುತ್ತಿರಬಹುದು, ಏನೂ ಇಲ್ಲದೆ ಸೋಮಾರಿಯೂ ಇರಬಹುದು. ಕಾರಣ ಗೊತ್ತಾದ ಮೇಲೆ ನಿಯಮ ಹೇಳಿ: ತಡವಾದರೆ ಬಾಗಿಲಲ್ಲಿ ನಿಂತು ಪಾಠ ನಿಲ್ಲಿಸಬೇಡ, ಹಿಂದಿನಿಂದ ಬಂದು ಕೂತು ಬೋರ್ಡಿನ ಮೂಲೆಯ ಲೆಕ್ಕ ಶುರು ಮಾಡು. ಹಾಲಿನ ಕೇಸ್ ಆಗಿದ್ದರೆ ನಿಮಗೆ ಒಳ್ಳೇದೇ ಆಯಿತು. ಲೀಟರಿಗೆ ಎಷ್ಟು, ಫ್ಯಾಟ್ ಎಷ್ಟು ಬಂತು, ವಾರದ ಬಟವಾಡೆ ಎಷ್ಟು, ಈ ಲೆಕ್ಕವೆಲ್ಲ ಅವನ ಬಾಯಲ್ಲೇ ಇರುತ್ತದೆ. ದಶಮಾಂಶದ ಪಾಠ ಬಂದಾಗ ಅವನನ್ನೇ ಎಬ್ಬಿಸಿ.

"ಏನೂ ಮಾಡಲ್ಲ" ಅಂದನಲ್ಲ, ಅದಕ್ಕೆ ಬೇಜಾರು ಬೇಡ. ನೀವು ಹೇಳಿದ್ದನ್ನು ನಡೆಸುತ್ತೀರೋ ಇಲ್ಲವೋ ಅಂತ ಅವನು ಅಳತೆ ನೋಡುತ್ತಿದ್ದಾನೆ. "ಇನ್ನೊಂದು ಸಲ ಮಾತಾಡಿದರೆ ಆಚೆ ಕಳಿಸುತ್ತೇನೆ" ಅಂತ ದಿನಕ್ಕೆ ಹತ್ತು ಸಲ ಹೇಳಿ ಒಂದು ಸಲವೂ ಕಳಿಸದಿದ್ದರೆ ಆ ಮಾತಿಗೆ ಬೆಲೆ ಇರಲ್ಲ. ಹಾಗಂತ ಆಚೆಯೂ ಕಳಿಸಬೇಡಿ. ಜಾಗ ಬದಲಿಸುತ್ತೇನೆ ಅನ್ನಿ, ಬದಲಿಸಿ, ಮುಖ ಗಂಟಿಕ್ಕದೆ ಪಾಠ ಮುಂದುವರಿಸಿ. ಮರುದಿನ ಅದೇ ಹುಡುಗನನ್ನು ಏನೂ ಆಗಿಲ್ಲ ಅನ್ನುವ ಹಾಗೆ ಹೆಸರು ಹಿಡಿದು ಮಾತಾಡಿಸಿ.

ಪ್ರೌಢಶಾಲಾ ಸಹಶಿಕ್ಷಕರೊಬ್ಬರು:

ಸರ್, ಇದೆಲ್ಲ ಕೇಳಲು ಚೆನ್ನಾಗಿದೆ. "ದಂಡಂ ದಶಗುಣಂ" ಅಂತ ಹಿರಿಯರು ಸುಮ್ನೆ ಹೇಳಿದರಾ? ನಾವೆಲ್ಲ ಏಟು ತಿಂದೇ ಕಲಿತವರು. ಪೋಷಕರೇ ಬಂದು "ನಾಲ್ಕು ಬಿಡಿ ಸಾರ್" ಅನ್ನುತ್ತಾರೆ.

ಉತ್ತರ:

ಅನ್ನುತ್ತಾರೆ, ನಾನೂ ಕೇಳಿದ್ದೇನೆ. ಆದರೆ ಪೋಷಕರ ಒಪ್ಪಿಗೆ ಇದ್ದರೂ ಕಾನೂನು ಒಪ್ಪಲ್ಲ ಸರ್. 2009ರ ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. ಮೀರಿದರೆ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ. ಮಗುವಿನ ಕೈಗೆ ಏನಾದರೂ ಆದರೆ ಅದೇ ಪೋಷಕರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಮುಂದೆ ನಿಂತಿರುತ್ತಾರೆ, ಆಗ ನಿಮ್ಮ ಪರವಾಗಿ ಯಾರೂ ಬರಲ್ಲ.

ಕಾನೂನು ಬಿಡಿ. ಪಕ್ಕದ ಮೇಷ್ಟ್ರು ಬಾಗಿಲಿಗೆ ಬಂದಾಗ ಸುಮ್ಮನಾಗುವ ಮಕ್ಕಳು ಅವರು ಹೋದ ತಕ್ಷಣ ಏನು ಮಾಡುತ್ತಾರೆ? ಕೋಲು ಇರುವಷ್ಟು ಹೊತ್ತು ಮೌನ, ಅಷ್ಟೇ. ನಾವು ಏಟು ತಿಂದು ಕಲಿತೆವು ಅನ್ನುವುದು ನಿಜ, ಆದರೆ ಏಟಿಗೆ ಹೆದರಿ ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ದನ ಕಾಯಲು ಹೋದ ನಮ್ಮ ಜೊತೆಯವರು ಈ ಗುಂಪಿನಲ್ಲಿ ಇಲ್ಲವಲ್ಲ, ಅವರ ಮಾತು ಕೇಳುವುದು ಹೇಗೆ?

ಗಣಿತ ಶಿಕ್ಷಕಿ:

ಧನ್ಯವಾದ ಸರ್. ಇನ್ನೊಂದು ಸಂಶಯ. ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ಅದೇ ನಾಲ್ಕು ಮಕ್ಕಳು ಕೈ ಎತ್ತುತ್ತಾರೆ. ಹಿಂದಿನ ಹೆಣ್ಣುಮಕ್ಕಳಂತೂ ಬಾಯೇ ಬಿಡಲ್ಲ. ಗಲಾಟೆ ಮಾಡುವವರ ಹೆಸರೆಲ್ಲ ಬಾಯಿಪಾಠ ಆಗಿದೆ, ಸುಮ್ಮನೆ ಕೂರುವವರ ಹೆಸರೇ ಇನ್ನೂ ಬರಲ್ಲ.

ಉತ್ತರ:

ಹೆಚ್ಚಿನ ಶಿಕ್ಷಕರ ಕಥೆ ಇದೇ. ಬೆಂಚಿನ ನಕ್ಷೆಯೊಂದನ್ನು ಹಾಳೆಯಲ್ಲಿ ಬರೆದು ಹಾಜರಿ ಪುಸ್ತಕದೊಳಗೆ ಇಡಿ. ಹಾಜರಿ ಕರೆಯುವಾಗ ನಂಬರ್ ಬೇಡ, ಹೆಸರು ಕರೆದು ಮುಖ ನೋಡಿ. ಆದರೆ ಅಡ್ಡಹೆಸರಿನಿಂದ ಕರೆಯಲೇಬೇಡಿ, ಅದು ಎಷ್ಟೇ ಪ್ರೀತಿಯದಾದರೂ ಸರಿ. ನೀವು ಕರೆದರೆ ಊರೆಲ್ಲ ಕರೆಯುತ್ತದೆ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನು ಕಲಿಯಿರಿ. ಮೇರಿ ಬಡ್ ರೋ ಎಂಬ ಸಂಶೋಧಕಿ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಅಂತ ಅಳೆದಾಗ ಸಾಮಾನ್ಯವಾಗಿ ಒಂದು ಸೆಕೆಂಡ್ ಬಂತು. ಅದನ್ನೇ ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿ ಬಿಟ್ಟರು. ಕೈ ಎತ್ತುವುದೇ ಬೇಡ ಅನ್ನಿ. ಎಲ್ಲರೂ ರಫ್ ಬುಕ್ಕಿನಲ್ಲಿ ಉತ್ತರ ಬರೆಯಲಿ, ಪಕ್ಕದವರಿಗೆ ತೋರಿಸಲಿ, ಆಮೇಲೆ ನೀವು ಯಾರನ್ನಾದರೂ ಕೇಳಿ. ಬರೆದದ್ದನ್ನು ಓದಿ ಹೇಳುವುದಕ್ಕೆ ಅಷ್ಟು ನಾಚಿಕೆ ಇರಲ್ಲ.

ಅತಿಥಿ ಶಿಕ್ಷಕಿಯೊಬ್ಬರು:

ನನಗೆ ನಾಲ್ಕು, ಐದು ಎರಡೂ ತರಗತಿ ಒಂದೇ ಕೋಣೆಯಲ್ಲಿ ಸರ್. ಒಬ್ಬರಿಗೆ ಪಾಠ ಮಾಡಿದರೆ ಇನ್ನೊಬ್ಬರು ಗಲಾಟೆ.

ಉತ್ತರ:

ನಿಮ್ಮ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಅರ್ಧ ದಿನ ಕೂತು ನೋಡಿ. ಚಿಕ್ಕ ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕಲಿಯುವ ಪದ್ಧತಿ ಅದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಒಂದು ಗುಂಪು ಶಿಕ್ಷಕರ ಜೊತೆ, ಒಂದು ಗುಂಪು ಕಾರ್ಡ್ ಹಿಡಿದು ತಾನೇ, ಇನ್ನೊಂದು ಗುಂಪು ಗೆಳೆಯರ ಸಹಾಯದಿಂದ. ನಿಮಗೂ ಅದೇ ಉಪಾಯ ಆಗುತ್ತದೆ. ಐದನೆಯವರಿಗೆ ಮೊದಲು ಕೆಲಸ ಕೊಟ್ಟು, ಅವರು ಬರೆಯಲು ಶುರು ಮಾಡಿದ ಮೇಲೆ ನಾಲ್ಕನೆಯವರ ಹತ್ತಿರ ಬನ್ನಿ.

ಗಣಿತ ಶಿಕ್ಷಕಿ:

ಕೊನೇದಾಗಿ, ಆ ಹುಡುಗನ ಅಪ್ಪನನ್ನು ಶಾಲೆಗೆ ಕರೆಸಲಾ ಸರ್?

ಉತ್ತರ:

ಈಗಲೇ ಬೇಡ. ದೂರು ಹೇಳಲು ಕರೆಸಿದರೆ ಅಪ್ಪ ಬಂದು ಎಲ್ಲರ ಮುಂದೆ ಮಗನಿಗೆ ಬಾರಿಸುತ್ತಾನೆ, ಅಲ್ಲಿಗೆ ನಿಮ್ಮ ಹುಡುಗ ಕೈತಪ್ಪಿದ ಹಾಗೆ. ಮೊದಲು ಅವನು ಒಂದು ಲೆಕ್ಕ ಸರಿ ಮಾಡಿದ ದಿನ ಮನೆಗೆ ಫೋನ್ ಮಾಡಿ ಅಷ್ಟನ್ನೇ ಹೇಳಿ ಇಟ್ಟುಬಿಡಿ, ಬೇರೆ ಏನೂ ಸೇರಿಸಬೇಡಿ. ಆಮೇಲೆ ಬೇಕಾದರೆ ಪೋಷಕರ ಸಭೆಯಲ್ಲಿ ಅವನನ್ನೂ ಪಕ್ಕ ಕೂರಿಸಿಕೊಂಡು ಮಾತಾಡಿ. ಡೈರಿಯ ಕೆಲಸ ನಿಜವೇ ಆಗಿದ್ದರೆ, ಪ್ರಾರ್ಥನೆ ಹೊತ್ತಿಗೆ ಬರುವ ಹಾಗೆ ಮನೆಯಲ್ಲಿ ಬೇರೆ ಯಾರಾದರೂ ಹಾಲು ಹಾಕಬಹುದಾ ಅಂತ ಅಪ್ಪನನ್ನೇ ಕೇಳಿ.