ಹೈಲಿ ಗುಬ್ಬಿಯ ಬೂದಿ, ಅನಿಲ: ವಿಜ್ಞಾನಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕ: 2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿಯಿತು. ಮರುದಿನ ರಾತ್ರಿ ಬೂದಿ ಮೋಡ ದೆಹಲಿ ತಲುಪಿತು. ಉಪಗ್ರಹದಿಂದ ಅನಿಲ ಅಳೆಯುವ ಮೇಡಂ ಉತ್ತರಿಸುತ್ತಾರೆ.

ತೋಟದಮನೆ: ಬೆಂಗಳೂರಿನವರು ಮಾಸ್ಕ್ ಹಾಕಬೇಕಾ?

ವಿಜ್ಞಾನಿ: ಇದಕ್ಕಾಗಿ ಬೇಡ. ಅದು ಉತ್ತರ ಭಾರತದ ಮೇಲೆ, ವಿಮಾನ ಹಾರುವ ಎತ್ತರದಲ್ಲಿ ಹೋಯಿತು.

ಗುರುಗ್ರಾಮದ ಕನ್ನಡಿಗ: ಉಪಗ್ರಹದಲ್ಲಿರುವ ಟ್ರೊಪೊಮಿ ಉಪಕರಣದ ಅನಿಲ ನಕ್ಷೆಯಲ್ಲಿ ನಮ್ಮೂರ ಮೇಲೆ ಕಡುಗೆಂಪು. ‘1 ಕಿಮೀ’ ಅಂತ ಬರೆದಿದೆ. ಅಮ್ಮನಿಗೆ ಆಸ್ತಮಾ. ಊರು ಬಿಡಬೇಕಾ?

ವಿಜ್ಞಾನಿ: ಆ ‘1 ಕಿಮೀ’ಯಲ್ಲೇ ಇದೆ ವಿಷಯ. ವಾಪಸ್ ಬರುವ ಸೂರ್ಯನ ಅತಿನೇರಳೆ ಬೆಳಕನ್ನು ಸಲ್ಫರ್ ಡೈಆಕ್ಸೈಡ್ (ಗಂಧಕದ ಅನಿಲ) ಎಷ್ಟು ನುಂಗಿದೆ ಎಂದು ಟ್ರೊಪೊಮಿ ನೋಡುತ್ತದೆ. ಅನಿಲ ಎಷ್ಟು ಎತ್ತರದಲ್ಲಿದೆ ಎನ್ನುವುದು ಸುಲಭಕ್ಕೆ ತಿಳಿಯುವುದಿಲ್ಲ. ಅದಕ್ಕೇ 1, 7, 15 ಕಿಮೀ ಎಂದು ಊಹಿಸಿ ಬೇರೆ ಬೇರೆ ಲೆಕ್ಕ ಕೊಡುತ್ತಾರೆ. ನೆಲದ ಹತ್ತಿರದ ಅನಿಲ ಉಪಗ್ರಹಕ್ಕೆ ಮಸುಕು, ಅದಕ್ಕೆ 1 ಕಿಮೀ ಲೆಕ್ಕದಲ್ಲಿ ಸಂಖ್ಯೆಯನ್ನು ಹಿಗ್ಗಿಸುತ್ತಾರೆ. ಹಾಗಾಗಿ ಮೇಲಿರುವ ಮೋಡವನ್ನು 1 ಕಿಮೀಯಲ್ಲಿದೆ ಅಂದುಕೊಂಡರೆ ಸಂಖ್ಯೆ ಹಲವು ಪಟ್ಟು ಉಬ್ಬುತ್ತದೆ. 15 ಕಿಮೀ ನಕ್ಷೆ ತೆರೆದು ನೋಡಿ, ಕೆಂಪು ಇಳಿಯುತ್ತದೆ.

ಇನ್ನೊಂದು, ಆ ನಕ್ಷೆಯ ಅಳತೆಯಾದ ಡಾಬ್ಸನ್ ಯೂನಿಟ್ ಮೂಗಿನ ಮಟ್ಟದ ಅಳತೆಯೇ ಅಲ್ಲ. ಆಕಾಶದವರೆಗಿನ ಅನಿಲವನ್ನೆಲ್ಲ ಕೆಳಗಿಳಿಸಿ ಹಾಸಿದರೆ 0.01 ಮಿಮೀ ಪದರ, ಅದು 1 ಯೂನಿಟ್. ಅಮ್ಮನಿಗಾಗಿ ಹತ್ತಿರದ ಮಾಪನ ಕೇಂದ್ರದ ಪಿಎಂ 2.5 (ಗಾಳಿಯಲ್ಲಿನ ಅತಿಸೂಕ್ಷ್ಮ ಕಣ) ನೋಡಿ. ನವೆಂಬರ್‌ನಲ್ಲಿ ಅಲ್ಲಿ ಭಯ ಅದರದ್ದೇ. ಇನ್‌ಹೇಲರ್ ಬಿಡಿಸಬೇಡಿ. ಉಸಿರಾಟ ಜೋರಾದರೆ ತಕ್ಷಣ ಡಾಕ್ಟರ್.

ಶುಭೋದಯ: ಫಾರ್ವರ್ಡ್ ಬಂದಿದೆ. ಬೇವಿನ ಸೊಪ್ಪಿನ ಹೊಗೆ ಹಾಕಿದರೆ ಗಂಧಕ ಹೀರುತ್ತದಂತೆ 🙏

ವಿಜ್ಞಾನಿ: ಹೀರುವುದಿಲ್ಲ. ಈಗಷ್ಟೇ ಆಸ್ತಮಾ ವಿಷಯ ಮಾತಾಡಿದೆವು, ಅಲ್ವಾ? ಆ ಮನೆಯಲ್ಲಿ ಹೊಗೆ ಹಾಕಿಸುತ್ತೀರಾ? ಅಳಿಸಿ.

ದ್ವೀಪಪ್ರೇಮಿ: ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಯಲ್ಲೂ ಅನಿಲ ಅಳೆಯುತ್ತಾರಾ?

ಬಿಎಸ್ಸಿ ಹುಡುಗ: ಜ್ವಾಲಾಮುಖಿಯಿಂದ ದಿನಕ್ಕೆ ಇಷ್ಟು ಟನ್ ಅನಿಲ ಅಂತ ಹೇಗೆ ಹೇಳುತ್ತಾರೆ?

ವಿಜ್ಞಾನಿ: ಸ್ಪೆಕ್ಟ್ರೋಮೀಟರ್ (ಬೆಳಕನ್ನು ಬಿಡಿಸಿ ಅಳೆಯುವ ಉಪಕರಣ) ಇಟ್ಟ ಕಾರನ್ನು ಹೊಗೆಯ ಅಡಿಯಲ್ಲಿ ಅಡ್ಡಲಾಗಿ ಓಡಿಸುತ್ತಾರೆ. ಸಿಕ್ಕ ಮೊತ್ತವನ್ನು ಗಾಳಿಯ ವೇಗದಿಂದ ಗುಣಿಸುತ್ತಾರೆ. ಗಾಳಿ ತಪ್ಪಾದರೆ ಟನ್ನೂ ತಪ್ಪು.

ಚಳಿಗಾಲ: 1991ರ ಫಿಲಿಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ತರಹ ಭೂಮಿ ತಣ್ಣಗಾಗುತ್ತಾ?

ವಿಜ್ಞಾನಿ: ಇಲ್ಲ. ಅದು ಸುಮಾರು 1.5–2 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಉಗುಳಿತ್ತು. ಇದು ಹತ್ತಿರಕ್ಕೂ ಬರಲ್ಲ.

ಕಿಡಿ: ನಮ್ಮ ಕಲ್ಲಿದ್ದಲು ಸ್ಥಾವರಗಳು ವರ್ಷವಿಡೀ ಇದೇ ಅನಿಲ ಬಿಡುತ್ತವೆ. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರದಿಂದ ವಿನಾಯಿತಿ ಬೇರೆ. ಅದಕ್ಕೆ ಒಬ್ಬರೂ ಪ್ರಶ್ನೆ ಕೇಳಲ್ಲ.

ಶುಭೋದಯ: ಕರೆಂಟ್ ಬೇಡವಾ ನಿಮಗೆ?

ಕಿಡಿ: ಬೇವಿನ ಹೊಗೆಯಿಂದ ತಯಾರಿಸಿ.

ಶುಭೋದಯ: ಹಿರಿಯರ ಹತ್ತಿರ ಮಾತಾಡೋ ರೀತಿನಾ ಇದು?

ಮಳೆರಾಯ: ಬೆಂಗಳೂರಿಗೆ ಮಾಸ್ಕ್ ಬೇಕಾ ಮೇಡಂ?

ವಿಜ್ಞಾನಿ: ಮೇಲೆ ಓದಿ.

ದ್ವೀಪಪ್ರೇಮಿ: ಬ್ಯಾರನ್ ದ್ವೀಪ ಮೇಡಂ??

ಕಿಡಿ: ಹಿರಿಯರು ಮೊದಲು ಆ ಫಾರ್ವರ್ಡ್ ಅಳಿಸಲಿ. ಇನ್ನೂ ಅಲ್ಲೇ ಇದೆ.