ಪುಟ್ಟಿ, ಜಿಮ್ಮಿಗೆ ಆಮೇಲೆ ಹೋಗು, ಮೊದಲು ರಕ್ತ ಪರೀಕ್ಷೆ ಮಾಡಿಸು

ಪುಟ್ಟಿ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಕನ್ನಡಕ ಎಲ್ಲಿಟ್ಟಿದ್ದೇನೋ ಸಿಗುತ್ತಿಲ್ಲ. ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ ಅಂತ ಮೊಮ್ಮಗ ತೋರಿಸಿಕೊಟ್ಟಿದ್ದಾನೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆದರೆ ಯಾರೂ ಬೈಕೋಬೇಡಿ.

46 ಆಯ್ತು, ಮುಟ್ಟು ಒಂದು ತಿಂಗಳು ಬಂದರೆ ಎರಡು ತಿಂಗಳು ಪತ್ತೆ ಇಲ್ಲ, ಬಂದಾಗ ವಿಪರೀತ, ಸೊಂಟದ ಸುತ್ತ ದಪ್ಪ ಆಯ್ತು ಅಂತ ಜಿಮ್ ಸೇರಿದರೆ ಆ ಹುಡುಗ ಮೊದಲ ದಿನವೇ ಜಿಗಿಸಿದ, ಎದೆ ಡವಡವ ಅಂದು ಕಣ್ಣು ಕತ್ತಲಿಟ್ಟಿತು, ಮುಂದುವರಿಸಲಾ ಬಿಡಲಾ ಅಂತ ಕೇಳಿದ್ದೀಯ. ಗಂಡಸರೂ ಇರೋ ಗ್ರೂಪಿನಲ್ಲಿ ಕೇಳಿದೆ ಅಂತ ನಾಚಿಕೊಳ್ಳಬೇಡ. ಅವರ ಮನೆಯಲ್ಲೂ ಹೆಂಗಸರಿದ್ದಾರೆ, ತಿಳಿದುಕೊಳ್ಳಲಿ.

ನೋಡು, ವ್ಯಾಯಾಮ ಬಿಡು ಅಂತ ನಾನು ಹೇಳಲ್ಲ. ಆದರೆ ರಕ್ತ ಎಷ್ಟಿದೆ ಅಂತ ನೋಡಿಸದೆ ಬೆವರು ಸುರಿಸಬೇಡ. ಯಾಕೆ ಅಂದರೆ ಚಾಮುಂಡಿ ಬೆಟ್ಟದ ಕಥೆ.

ನಿಮ್ಮ ದೊಡ್ಡಪ್ಪನಿಗೆ ಮೈಸೂರಿಗೆ ವರ್ಗ ಆಗಿತ್ತಲ್ಲ, ಆಗ ನನಗೂ ನಿನ್ನದೇ ವಯಸ್ಸು. ನಮ್ಮ ಬೀದಿಯಲ್ಲಿ ಒಂದು ವಾಕಿಂಗ್ ಗುಂಪಿತ್ತು. ಅದಕ್ಕೊಬ್ಬ ರಿಟೈರ್ ಆದ ಮನುಷ್ಯ ನಾಯಕ. ಕೊರಳಲ್ಲಿ ಯಾವಾಗಲೂ ಸೀಟಿ. ಯಾರಾದರೂ ನಿಧಾನ ಮಾಡಿದರೆ ಪೀ ಅಂತ ಊದುತ್ತಿದ್ದ. ನನಗೆ ಆಗ ತಿಂಗಳಿಗೆ ಎರಡು ಸಲ ಮುಟ್ಟು, ಹೋದರೆ ಎಂಟು ಹತ್ತು ದಿನ ಹೋಗುತ್ತಿತ್ತು. ಅಕ್ಕಿ ಆರಿಸೋಕೆ ಕೂತರೆ ಮುಷ್ಟಿ ಹಸಿ ಅಕ್ಕಿ ಬಾಯಿಗೆ. ನಿಮ್ಮ ಅಮ್ಮ ಅದನ್ನು ನೋಡಿ ನಗುತ್ತಿದ್ದಳು. ಮೈಯಲ್ಲಿ ಕಬ್ಬಿಣ ಇಳಿದಾಗ ಹಾಗೆ ಅಕ್ಕಿ, ಬಳಪ, ಮಣ್ಣು ತಿನ್ನಬೇಕು ಅನ್ನಿಸುತ್ತದೆ ಅಂತ ಆಗ ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ನನಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದೆ ಅಂತ ಆ ಮಹಾರಾಯನಿಗೆ ಬಾಯಿಬಿಟ್ಟು ಹೇಳಿದೆ. ಸ್ಟ್ಯಾಮಿನಾ ಇಲ್ಲ, ಹತ್ತುತ್ತಾ ಹತ್ತುತ್ತಾ ಬರುತ್ತದೆ ಅಂದ. ಬೇರೆ ಒಂದು ಪ್ರಶ್ನೆ ಇಲ್ಲ.

ಆ ಬೆಟ್ಟ ಗೊತ್ತಲ್ಲ, ಸಾವಿರ ಮೆಟ್ಟಿಲು, ಶುರುವಿನಲ್ಲೇ ಕಡಿದು. ನಂದಿ ಇನ್ನೂ ಎಷ್ಟೋ ದೂರ ಇತ್ತು. ಕಿವಿಯಲ್ಲಿ ಗುಂಯ್ ಅಂತ ಶಬ್ದ, ಆಮೇಲೆ ಮೆಟ್ಟಿಲೇ ಕಾಣಲಿಲ್ಲ. ಹಿಂದಿನಿಂದ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಿದ್ದ ಹುಡುಗಿಯೊಬ್ಬಳು ಹಿಡಿದು ಕೂರಿಸಿದಳು, ಕುಂಕುಮದ ಕೈಯಲ್ಲೇ ನೀರು ಕುಡಿಸಿದಳು. ಅವಳಿಲ್ಲದಿದ್ದರೆ ತಲೆ ಒಡೆಯುತ್ತಿತ್ತು. ಮೇಲಿನಿಂದ ಸೀಟಿ ಕೇಳಿಸುತ್ತಲೇ ಇತ್ತು, ಆತ ತಿರುಗಿ ಕೂಡ ನೋಡಲಿಲ್ಲ. ಡಾಕ್ಟರಮ್ಮ ನನ್ನ ಕೆಳಗಿನ ರೆಪ್ಪೆ ಎಳೆದು ನೋಡಿದರು, ಸುಣ್ಣದ ಗೋಡೆ ಹಾಗೆ ಬೆಳ್ಳಗಿತ್ತಂತೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಆದರೂ ಇರಬೇಕು, ನನ್ನದು 6.8. ಗರ್ಭಕೋಶದಲ್ಲಿ ಗಡ್ಡೆ, ಅದರಿಂದಲೇ ಅಷ್ಟು ರಕ್ತ ಹೋಗುತ್ತಿತ್ತು. ಉಸಿರು ಹೊತ್ತುಕೊಂಡು ಹೋಗೋಕೆ ರಕ್ತವೇ ಇಲ್ಲ ಅಂದ ಮೇಲೆ ಹೃದಯ ಡವಡವ ಅನ್ನದೆ ಇನ್ನೇನು ಮಾಡೀತು?

ಅದಕ್ಕೇ ಮತ್ತೆ ಹೇಳುತ್ತೇನೆ, ರಕ್ತ ನೋಡಿಸದೆ ಬೆವರು ಸುರಿಸಬೇಡ. ಆ ಜಿಮ್ ಹುಡುಗನೂ ಆ ವಾಕಿಂಗ್ ನಾಯಕನ ಥರದವನೇ, ಕೈಯಲ್ಲಿ ಸೀಟಿ ಇಲ್ಲ ಅಷ್ಟೇ.

ಆಮೇಲೆ ಮನೆಯಲ್ಲಿ ಏನಂದರು ಗೊತ್ತಾ? ಮನೆಗೆಲಸವೇ ಬೇಕಾದಷ್ಟು ವ್ಯಾಯಾಮ, ಬೆಟ್ಟ ಯಾಕೆ ಬೇಕಿತ್ತು ಇವಳಿಗೆ, ಅಂತ. ನಿಮ್ಮ ದೊಡ್ಡಪ್ಪನಿಗೆ ಮಾತ್ರ ಸಂಜೆ ಶಟಲ್, ಅದಕ್ಕೆ ಬಿಳಿ ಶೂ ಬೇರೆ. ನಾನು ಅಷ್ಟೂ ದಿನ ನಡೆದಿದ್ದು ಹವಾಯಿ ಚಪ್ಪಲಿಯಲ್ಲಿ. ಅದೇ ವರ್ಷ ಉಪನಯನದಲ್ಲಿ ಒಬ್ಬರು, ಹೆಸರು ಬೇಡ, ಈ ಗ್ರೂಪಿನಲ್ಲೇ ಇದ್ದಾರೆ, ಅವರಿಗೆ ಗೊತ್ತಾಗುತ್ತದೆ, ರಕ್ತ ಕಡಿಮೆ ಅಂತ ನೆಪ ಹೇಳಿ ಹೋಳಿಗೆ ಲಟ್ಟಿಸೋದು ತಪ್ಪಿಸಿಕೊಂಡಳು ಅಂದರು. ಇನ್ನೂರು ಹೋಳಿಗೆ! ರಕ್ತ ಹಾಕಿಸಿಕೊಂಡು ಬಂದವಳಿಗೆ. ಆಸ್ಪತ್ರೆಗೆ ಒಂದು ಎಳನೀರು ಹಿಡಿದು ಬರಲಿಲ್ಲ, ಮಾತಾಡೋಕೆ ಮಾತ್ರ ಮುಂದೆ. ಮೊನ್ನೆ ಅವರ ಸೊಂಟ ನೋವಿಗೆ ನಾನೇ ಹೋಗಿ ಎಣ್ಣೆ ಕೊಟ್ಟು ಬಂದೆ, ಇರಲಿ.

ಅಯ್ಯೋ, ನಿನಗೆ ಹೇಳಬೇಕಾದ್ದೇ ಉಳಿಯಿತು ನೋಡು.

ನಾಳೆ ಜಿಮ್ ಬೇಡ. ಸಿಬಿಸಿ ಅಂದರೆ ರಕ್ತದ ಕಣಗಳ ಎಣಿಕೆ, ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ಇವೆರಡರ ಜೊತೆ ಥೈರಾಯ್ಡ್, ಶುಗರ್ ಮಾಡಿಸು, ಬಿಪಿ ನೋಡಿಸು. ಥೈರಾಯ್ಡ್ ಏರುಪೇರಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ಮುಟ್ಟೂ ಕೆಡುತ್ತದೆ, ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಬೇಡ. ಗಂಟೆಗೊಂದು ಪ್ಯಾಡ್ ಬೇಕಾಗುತ್ತಿದೆ, ರಕ್ತ ಹೆಪ್ಪುಗಟ್ಟಿ ದೊಡ್ಡ ಗಡ್ಡೆ ಗಡ್ಡೆಯಾಗಿ ಹೋಗುತ್ತಿದೆ ಅಂದರೆ ಹೆಂಗಸರ ಡಾಕ್ಟರ ಹತ್ತಿರ ಬೇಗ ಹೋಗು, ಸ್ಕ್ಯಾನ್ ಮಾಡುತ್ತಾರೆ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ ಜೊತೆ ನುಂಗಬೇಡ, ಮೈಗೆ ಹತ್ತಲ್ಲ. ನಮ್ಮ ಮನೆತನಕ್ಕೆ ಅದೇ ಕಷ್ಟ.

ಡಾಕ್ಟರು ಸರಿ ಅಂದ ಮೇಲೆ ಹುಬ್ಬಳ್ಳಿ ಸೊಸೆಗೆ ಫೋನ್ ಮಾಡು, ಫಿಸಿಯೋಥೆರಪಿಸ್ಟ್ ಅಲ್ವಾ ಅವಳು. ಹೋದ ವರ್ಷ ನನ್ನನ್ನು ನೋಡಿದ ರೀತಿ ನನಗೆ ಹಿಡಿಸಿತು. ಊಟದ ಕುರ್ಚಿ ಎಳೆದು ಕೂರಿಸಿ, ಎರಡೂ ಕೈ ಎದೆಗೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೇನೆ ಅಂತ ಎಣಿಸಿದಳು. ಒಂಟಿ ಕಾಲಲ್ಲಿ ನಿಲ್ಲಿಸಿದಳು. ಕೈ ಮೇಲೆತ್ತಿಸಿ ಭುಜ ಬಿಗಿದಿದೆಯಾ ನೋಡಿದಳು, ನಿನ್ನ ವಯಸ್ಸಿನ ಆಸುಪಾಸಿನಲ್ಲಿ ಎಷ್ಟೋ ಜನರಿಗೆ ಭುಜ ಹಿಡಿದುಕೊಳ್ಳುತ್ತದೆ. ಕೆಮ್ಮಿದರೆ, ಜಿಗಿದರೆ ಮೂತ್ರ ಸೋರುತ್ತದಾ, ರಾತ್ರಿ ಬೆವರಿ ನಿದ್ದೆ ಕೆಡುತ್ತದಾ, ಹಿಂದೆ ಮೂಳೆ ಮುರಿದಿತ್ತಾ, ಎಲ್ಲ ಕೇಳಿ ಬರೆದುಕೊಂಡಳು. ಸೋರುತ್ತಿದ್ದರೆ, ಮಂಡಿ ನೋವಿದ್ದರೆ ಜಿಗಿಯೋದು ಸದ್ಯಕ್ಕೆ ಬೇಡ ಅನ್ನುತ್ತಾಳೆ, ಮೊದಲು ಮೂತ್ರ ತಡೆಯೋ ಕೆಳಗಿನ ಸ್ನಾಯು ಬಿಗಿಹಿಡಿದು ಬಿಡೋದು ಹೇಳಿಕೊಡುತ್ತಾಳೆ. ಇಂಥವರು ಹಾಕಿಕೊಟ್ಟ ಲೆಕ್ಕ ನಂಬಬಹುದು.

ನಡಿಗೆ ಶುರು ಮಾಡು, ಆದರೆ ಅದೊಂದೇ ಸಾಲದು. ಮುಟ್ಟು ನಿಲ್ಲೋ ಹೊತ್ತಿಗೆ ಈಸ್ಟ್ರೋಜೆನ್ ಅನ್ನೋ ಹೆಣ್ಣಿನ ಹಾರ್ಮೋನ್ ಇಳಿದು ಮೂಳೆ ಬೇಗ ಸವೆಯುತ್ತದೆ, ಸ್ನಾಯುವೂ ಕರಗುತ್ತದೆ, ಅದಕ್ಕೆ ಭಾರ ಎತ್ತಲೇಬೇಕು. ವಾರಕ್ಕೆ ಎರಡು ದಿನ ಸಾಕು, ಮಧ್ಯೆ ಬಿಡುವಿರಲಿ. ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈ ಕೊಟ್ಟು ತಳ್ಳೋದು, ಲೀಟರ್ ನೀರಿನ ಬಾಟಲಿ ಎತ್ತೋದು. ಅದು ಸಲೀಸಾದ ಮೇಲೆ ಜಿಮ್ಮಿನ ಡಂಬೆಲ್. ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ವೇಗ. ಹತ್ತು ನಿಮಿಷದಿಂದ ಶುರು ಮಾಡಿ ನಿಧಾನವಾಗಿ ವಾರಕ್ಕೆ 150 ನಿಮಿಷಕ್ಕೆ ತಗೊಂಡು ಹೋಗು. ರಕ್ತ ಜಾಸ್ತಿ ಹೋಗೋ ದಿನ, ನಿದ್ದೆ ಇಲ್ಲದ ದಿನ ಅರ್ಧ ಮಾಡು, ಯಾರೂ ಹಾಜರಿ ಹಾಕಲ್ಲ. ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸು, ಡಾಕ್ಟರಿಗೆ ತೋರಿಸು. ಮುಂದೆ ಪೂರ್ತಿ 12 ತಿಂಗಳು ಮುಟ್ಟಿಲ್ಲದೆ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಸುಮ್ನೆ ಕೂರಬೇಡ.

ಒಳ್ಳೆ ಶೂ ತಗೋ, ದುಡ್ಡಿಗೆ ಯಾರನ್ನೂ ಕೇಳಬೇಡ. ರಿಪೋರ್ಟ್ ಬಂದರೆ ಇಲ್ಲಿ ಹಾಕಬೇಡ, ನನಗೆ ಬೇರೆ ಕಳಿಸು, ಇಲ್ಲಿ ಎಲ್ಲರೂ ಡಾಕ್ಟರೇ. ಬೀಟ್‌ರೂಟ್ ರಸ ಕುಡಿ ಅಂತ ಈಗಾಗಲೇ ಯಾರೋ ಬರೆಯುತ್ತಿದ್ದಾರೆ ನೋಡು.